ದೊಡ್ಡಪ್ಪ ನಗಬಾರದು

ಅವಳ ದೊಡ್ಡಪ್ಪ ಸುಮ್ಮನೆ ನಗುವ ಆಸಾಮಿಯಲ್ಲ. ನಕ್ಕರೆ ಹೊಟ್ಟೆ ಕುಣಿಯಬೇಕು, ಕಣ್ಣಲ್ಲಿ ನೀರು ಬರಬೇಕು, ಎದುರಿಗಿದ್ದ ಮೇಜಿಗೆ ನಾಲ್ಕು ಗುದ್ದು ಬೀಳಬೇಕು. ಬೇರೆ ಕಾರ್ಖಾನೆಯ ಯಜಮಾನರಾಗಿದ್ದರೆ, ನಗಲಿ ಬಿಡಿ ಪಾಪ, ಎನ್ನಬಹುದಿತ್ತು. ಇವರದು ಕ್ರಿಸ್ಟಲ್ ಆಸಿಲೇಟರ್ ಮಾಡುವ ಕಾರ್ಖಾನೆ!

ಕಡಲೆಕಾಳಿನಷ್ಟು ಪೆಟ್ಟಿಗೆ ಅದು. ಫೋನ್ ಟವರಿನ ಯಂತ್ರಗಳಿಗೆಲ್ಲ ತಾಳ ಹಾಕುವುದು ಅದರ ಕೆಲಸ. ಎಷ್ಟು ವೇಗ ಬೇಕೆಂದು ಕಂಪ್ಯೂಟರಿನಿಂದ ಬರೆದುಬಿಟ್ಟರೆ ಅಷ್ಟೇ ವೇಗದಲ್ಲಿ ಮಿಡಿಯುತ್ತದೆ. ಚೂರು ದಾರಿ ತಪ್ಪಿದರೆ ವೋಲ್ಟೇಜು ಕಿವಿ ಹಿಂಡಿ ಎಳೆದು ತರುತ್ತದೆ. ತರಬೇಕು. ನಿನ್ನೆ ದೊಡ್ಡಪ್ಪ ನಗುತ್ತ ಪೆಟ್ಟಿಗೆಯಿಟ್ಟ ಮೇಜನ್ನೇ ಗುದ್ದಿದಾಗ, ಅದರ ಮಿಡಿತ ತೋರಿಸುವ ಯಂತ್ರದ ತೆರೆಯ ಮೇಲಿನ ಗೆರೆ ಹಾರಿಹೋದದ್ದು ವಾಪಸ್ಸೇ ಬರಲಿಲ್ಲ. ಅವಳು ಎಲ್ಲ ಬಿಚ್ಚಿ ರಿಪೇರಿ ಮಾಡಿದ್ದಳು. ಸರಿಹೋಗಿದೆಯೋ ಇಲ್ಲವೋ ದೇವರೇ ಬಲ್ಲ. ಅವಳೇ ವಿನ್ಯಾಸ ಮಾಡಿದ ಮೊದಲ ಮಾಲು ಬೇರೆ. ಇವತ್ತು ಪಾಸಾದರೆ ವಿನ್ಯಾಸದ ಮೇಜು ನಿನ್ನದು, ಇಲ್ಲವಾದರೆ ಮತ್ತೆ ಪ್ಯಾಕಿಂಗು ಎಂದು ದೊಡ್ಡಪ್ಪ ಹೇಳಿಬಿಟ್ಟಿದ್ದರು.

“ದೊಡ್ಡಪ್ಪ, ಕೈಮುಗಿತೀನಿ, ಇವತ್ತೊಂದಿನ ನಗಬೇಡಿ.”

“ನಾನ್ಯಾಕಮ್ಮ ನಗ್ಲಿ?”

ಮಾಲು ನೋಡಲು ಬಂದ ಟೆಲಿಫೋನ್ ಕಂಪನಿಯ ಸಾಹೇಬರೋ, ಬಾಗಿಲಲ್ಲೇ ಶುರುಮಾಡಿದರು. “ನಮ್ಮನೆ ಗಡಿಯಾರ ನಮ್ಮ ಮಾವ ಕೊಟ್ಟಿದ್ದು. ಅವರ ಮಗಳು ರೆಡಿ ಆಗೋವರೆಗೂ ಒಂದು ನಿಮಿಷಾನೂ ಮುಂದಕ್ಕೆ ಹೋಗಲ್ಲ!”

ದೊಡ್ಡಪ್ಪನ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. ನಗಲಿಲ್ಲ. ಸಾಹೇಬರು ಮೇಜಿನ ಹತ್ತಿರ ಬಂದು ಇನ್ನೊಂದು ಹೇಳಿದರು, ಮತ್ತೊಂದು ಹೇಳಿದರು. ದೊಡ್ಡಪ್ಪ ಕರ್ಚೀಫು ಕಚ್ಚಿಕೊಂಡರು. ಸಾಹೇಬರ ಮೋರೆ ಸಪ್ಪಗಾಯಿತು. “ಬರ್ತೀನಿ” ಎಂದು ಬ್ಯಾಗು ಎತ್ತಿಕೊಂಡರು.

ಅಯ್ಯೋ, ನಗದಿದ್ದರೂ ಕೆಟ್ಟಿತಲ್ಲ! “ನಕ್ಕುಬಿಡಿ ದೊಡ್ಡಪ್ಪ!” ಎಂದು ಕಿರುಚಿ ಅವಳು ಕಣ್ಣು ಮುಚ್ಚಿಕೊಂಡಳು.

ಕಟ್ಟೆ ಒಡೆಯಿತು. ಮೇಜು ಧಡಧಡ ಎಂದಿತು.

“ಅರೆ, ನನ್ನ ಜೋಕಿಗೆ ಗೆರೆ ಹಾರ್ತಲ್ರೀ!” ಎಂದು ಸಾಹೇಬರು ಬ್ಯಾಗು ಕೆಳಗಿಟ್ಟರು.

ಅವಳು ಒಂದೇ ಕಣ್ಣು ತೆರೆದು ನೋಡಿದಳು. ಗೆರೆ ತೆಪ್ಪಗೆ ತನ್ನ ಜಾಗಕ್ಕೆ ಬಂದು ಕೂತಿತ್ತು. ಸಾಹೇಬರು ಮತ್ತೊಂದು ಜೋಕು ಬಿಟ್ಟರು. ಹಾರಿತು, ಬಂತು.

“ಟವರ್ ಮೇಲಿನ ಗಾಳಿ ಇದಕ್ಕಿಂತ ಇನ್ನೇನು ಕುಲುಕುತ್ತೆ? ಪಾಸು!” ಎಂದು ಸಹಿ ಹಾಕಿದರು. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು. ವಿನ್ಯಾಸದ ಮೇಜು ಸಿಕ್ಕಿತು!

ಹುರುಪೇರಿದ ಸಾಹೇಬರು ಇನ್ನೂ ಒಂದು ಹೇಳಿದರು. ದೊಡ್ಡಪ್ಪ ಮರ್ಯಾದೆಗೆ ಹಹ್ಹಹ್ಹ ಎಂದರು. ಮೇಜಿಗೆ ಗುದ್ದು ಬೀಳಲಿಲ್ಲ, ಗೆರೆ ಮಿಸುಕಲಿಲ್ಲ. ಸಾಹೇಬರು ಅದನ್ನೇ ನೋಡುತ್ತ ನಿಂತರು.

“ಮಾಲು ಬೇಗ ಕಳಿಸಮ್ಮ,” ಎಂದರು ಕೊನೆಗೆ, ಮೆಲ್ಲಗೆ. “ಈ ಗೆರೆ ತೋರಿಸೋ ಯಂತ್ರ ಮಾತ್ರ ನಮ್ಮ ಆಫೀಸಿಗೆ ತರಬೇಡ. ಅಲ್ಲಿ ಎಲ್ರೂ ನನ್ನ ಜೋಕಿಗೆ ನಗ್ತಾರೆ.”