ಒಂದೇ ಪಟದ ಸೋಮಮ್ಮ

“ಇನ್ನೊಸಿ ಮ್ಯಾಕೆತ್ತು ಪ್ರಮೀಳಾ, ತಲೆ ವಾಲ್ತದೆ,” ಎನ್ನುತ್ತ ಪಕ್ಕದ ಮನೆಯ ದ್ಯಾವಮ್ಮ ಸೋಮಮ್ಮನ ಹೆಣದ ಬೆನ್ನಿಗೆ ತನ್ನ ಮೊಣಕಾಲು ಕೊಟ್ಟಳು. ಬೂಕನಕೆರೆಯಿಂದ ಆಗಷ್ಟೇ ಬಂದಿಳಿದಿದ್ದ ಮಗಳು ಪ್ರಮೀಳಾ ಅವ್ವನ ಕಂಕುಳಿಗೆ ಕೈ ಹಾಕಿ ಎತ್ತಿದಳು. ಇಬ್ಬರೂ ಸೇರಿ ಅವಳನ್ನು ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿದರು. ಹಣೆಗೆ ಕಾಸಗಲ ಕುಂಕುಮ, ಕೆನ್ನೆಗೆ ಅರಿಸಿನ, ಮುಡಿ ತುಂಬ ಕನಕಾಂಬರ. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದು, ಕ್ಯಾನು ತೊಳೆದು ಬೋರಲು ಹಾಕಿ, ಇದೇ ಜಗಲಿಯ ಮೇಲೆ ಕೂತವಳು ಮತ್ತೆ ಏಳಲಿಲ್ಲ. ಯಾರಿಗೂ ತೊಂದರೆ ಕೊಡದ ಮುತ್ತೈದೆ ಸಾವು ಎಂದು ಊರು ಹೊಗಳಿತು. ತೊಂದರೆ ಕೊಡುವುದು ಅವಳ ಜಾಯಮಾನವೂ ಅಲ್ಲ, ಮೈಸೂರಿನ ಪಟಗಳ ವಿಷಯ ಒಂದನ್ನು ಬಿಟ್ಟು.

ಊರ ಹಿರಿಯ ಜವರಯ್ಯನಿಗೆ ಅವಸರ. ನಾಲೆಯ ಪಕ್ಕದ ಹೊಲದಲ್ಲಿ ಗುಂಡಿ ತೆಗೆದಾಗಿತ್ತು. ಹೊತ್ತು ಮುಳುಗುವುದರೊಳಗೆ ಮಣ್ಣು ಮಾಡಬೇಕು. ಬಂದವರು ಹೂವು ಹಾಕಿ, ಒಂದು ಸುತ್ತು ಅತ್ತು, ಎದ್ದು ಹೋಗುವುದು ವಾಡಿಕೆ. ಇವತ್ತು ಬಂದ ಹೆಂಗಸರು ಮಾತ್ರ ಅತ್ತದ್ದೂ ಆಯಿತು, ಸೆರಗಲ್ಲಿ ಕಣ್ಣೊರೆಸಿಕೊಂಡದ್ದೂ ಆಯಿತು, ಏಳಲೇ ಇಲ್ಲ. ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕೂತು ಸೋಮಮ್ಮನ ಮುಖವನ್ನೇ ನೋಡತೊಡಗಿದರು. ಇದೇನು ಟೂರಿಂಗ್ ಟಾಕೀಸೇ ಎಂದು ಜವರಯ್ಯ ಗೊಣಗಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಗಂಡ ಕರಿಯಪ್ಪ ಕೊಟ್ಟಿಗೆಯಲ್ಲಿ ಹಸುವಿನ ಬೆನ್ನ ಮೇಲೆ ಕೈಯಿಟ್ಟು ನಿಂತಿದ್ದ. ಬೆಳಗಿನಿಂದ ಅವನು ಜಗಲಿಯ ಹತ್ತಿರ ಸುಳಿದಿರಲಿಲ್ಲ. ಸತ್ತ ಮುಖ ನೋಡಲು ಧೈರ್ಯ ಸಾಲದು, ಪಾಪ, ಎಂದು ಜನ ಅಂದುಕೊಂಡರು. ಆದರೆ ಅವನಿಗೆ ಆಗಿದ್ದು ನಾಚಿಕೆ. ಮೈಸೂರಿಗೆ ಹೋದಾಗಲೆಲ್ಲ ಅವಳು ಪಟಗಳಿದ್ದ ಅರಮನೆಯ ಒಳಗೆ ಬಾ ಎಂದು ಕರೆದಿದ್ದಳು, ಇವನು ಒಮ್ಮೆಯೂ ಹೋಗಿರಲಿಲ್ಲ. ಅವಳು ಅಲ್ಲಿ ಏನು ಕಂಡಳೆಂಬುದು ದ್ಯಾವಮ್ಮನಿಗೆ ಗೊತ್ತು, ಅರ್ಧ ಊರಿನ ಹೆಂಗಸರಿಗೆ ಗೊತ್ತು, ಕಟ್ಟಿಕೊಂಡ ಗಂಡನಿಗೆ ಗೊತ್ತಿಲ್ಲ. ಅದನ್ನು ತಿಳಿಯದೆ ಅವಳೆದುರು ನಿಂತು ಕಳಿಸಿಕೊಡುವುದು ಹೇಗೆಂದು ಅವನಿಗೆ ತೋಚುತ್ತಿರಲಿಲ್ಲ.

*

ಪಾಂಡವಪುರದ ಕಡೆಯ ಈ ಊರಿನ ಮಹಿಳಾ ಮಂಡಲಿ ಒಂದು ಸಲ ವ್ಯಾನು ಮಾಡಿಕೊಂಡು ಮೈಸೂರಿಗೆ ಹೋಗಿತ್ತು. ಬೆಟ್ಟ, ಅರಮನೆ, ಝೂ, ಸಂಜೆಗೆ ಕನ್ನಂಬಾಡಿಯ ದೀಪ, ಇವುಗಳ ನಡುವೆ ಜಗನ್ಮೋಹನ ಅರಮನೆಯ ಚಿತ್ರಶಾಲೆ. ಹೆಂಗಸರು ಹಿಂದಿನವರು ನೂಕಿದ ಹಾಗೆ ಮುಂದೆ ನಡೆದು, ಇದ್ದಬದ್ದ ಪಟಗಳನ್ನೆಲ್ಲ ನೋಡಿ ಮುಗಿಸಿ ವ್ಯಾನು ಹತ್ತಿದರು. ಸೋಮಮ್ಮ ಇರಲಿಲ್ಲ. ದ್ಯಾವಮ್ಮ ಹುಡುಕಿಕೊಂಡು ಹೋದರೆ, ಒಂದು ಪಟದ ಮುಂದೆ ನೆಲದ ಮೇಲೆ ಕೂತಿದ್ದಳು. ಕಾವಲಿನವನು ಏನೂ ಹೇಳದೆ ಪಕ್ಕದಲ್ಲಿ ನಿಂತು ತಾನೂ ಅದನ್ನೇ ನೋಡುತ್ತಿದ್ದ. ಒಸಿ ತಾಳು, ಇನ್ನೂ ಮುಗಿದಿಲ್ಲ ಎಂದಳಂತೆ ಸೋಮಮ್ಮ. ಅವಳಿಂದಾಗಿ ಕನ್ನಂಬಾಡಿಯ ದೀಪ ತಪ್ಪಿತು. ಶ್ರೀರಂಗಪಟ್ಟಣ ದಾಟುವವರೆಗೂ ಬೈದರು. ಒಂದೇ ಪಟದ ಸೋಮಮ್ಮ ಎಂಬ ಹೆಸರು ಬಿದ್ದದ್ದು ಆ ವ್ಯಾನಿನಲ್ಲೇ.

ಮರುವಾರ ನಲ್ಲಿಯ ಹತ್ತಿರ ಅವಳು ಒಬ್ಬೊಬ್ಬರನ್ನೇ ಕೇಳಿದಳು, ಅಲ್ಲಿ ಏನೇನು ನೋಡಿದಿರಿ ಎಂದು. ದೊಡ್ಡ ದೊಡ್ಡ ಪಟ ಇದ್ದವು ಎಂದರು. ಅದಕ್ಕಿಂತ ಹೆಚ್ಚು ಯಾರ ಬಾಯಲ್ಲೂ ಬರಲಿಲ್ಲ. ಸೋಮಮ್ಮ ತಾನು ನೋಡಿದ ಒಂದನ್ನು ಹೇಳತೊಡಗಿದರೆ ಕೊಡ ತುಂಬಿ ಚೆಲ್ಲಿದರೂ ಯಾರಿಗೂ ಅರಿವಾಗಲಿಲ್ಲ. ಹತ್ತು ಕಟ್ಟುವ ಕಡೆ ಒಂದು ಮುತ್ತು ಕಟ್ಟು ಎನ್ನುವುದು ಸುಮ್ಮನೆ ಅಲ್ಲ.

ಆಮೇಲೆ ಅವಳು ಮೈಸೂರಿಗೆ ಹೋಗುವಾಗಲೆಲ್ಲ ಒಬ್ಬಳನ್ನು ಜೊತೆಗೆ ಕರೆದುಕೊಂಡು ಹೋದಳು. ರೈಲು ಹಳಿ ಅಗಲ ಮಾಡಲು ಪಾಸೆಂಜರು ನಿಲ್ಲಿಸಿದಾಗಲೂ ಬಿಡಲಿಲ್ಲ, ಬಸ್ಸಿಗೆ ನೇತಾಡಿಕೊಂಡು ಹೋದಳು. ಹೊಟ್ಟೆ ತುಂಬ ಮುದ್ದೆ ಉಂಡೇ ಹೊರಡಬೇಕು, ಹಸಿದವರ ಕಣ್ಣು ಗೋಡೆಯ ಮೇಲೆ ನಿಲ್ಲುವುದಿಲ್ಲ ಎನ್ನುತ್ತಿದ್ದಳು. ಒಂದು ಸಲಕ್ಕೆ ಒಂದೇ ಪಟ. ಉಳಿದದ್ದು ಎಲ್ಲಿಗೂ ಓಡಿಹೋಗುವುದಿಲ್ಲ. ನೋಡುತ್ತ ನೋಡುತ್ತ ಕಣ್ಣು ಮುಚ್ಚಿಸಿ, ಈಗ ಹೇಳು ಆ ಮಗುವಿನ ಎಡಗೈ ಎಲ್ಲಿದೆ ಎಂದು ಕೇಳುತ್ತಿದ್ದಳು. ನೆನಪಾಗದಿದ್ದರೆ ಕಣ್ಣು ಬಿಟ್ಟು ಮತ್ತೆ ನೋಡಬೇಕು. ಸಾಕು ಅನಿಸುವ ಮೊದಲೇ ಎದ್ದು ಬರಬೇಕು, ಇನ್ನೊಂದು ಸಲ ಬರುವ ಆಸೆ ಉಳಿಯುತ್ತದೆ. ಹಾಲು, ಹುಲ್ಲು, ಸಗಣಿಯ ನಡುವೆ ಇಷ್ಟೊಂದು ತಾಳ್ಮೆಯನ್ನು ಆ ಹೆಂಗಸು ಎಲ್ಲಿ ಕೂಡಿಟ್ಟಿದ್ದಳೋ!

ಕರಿಯಪ್ಪನೂ ಹಿಂಡಿ ಬೂಸ ತರುವ ನೆಪದಲ್ಲಿ ಜೊತೆಗೆ ಹೋಗುತ್ತಿದ್ದ. ಬಾಗಿಲವರೆಗೆ ಹೋಗಿ ಈಚೆ ಮರದ ನೆರಳಲ್ಲಿ ಬೀಡಿ ಹಚ್ಚುತ್ತಿದ್ದ. ಅವಳು ಕರೆದರೆ, ಇಬ್ಬರೂ ನೋಡಿದರೆ ಪಟ ಸವೆದುಹೋಗುತ್ತದೆ, ನೀನೇ ನೋಡಿಕೊಂಡು ಬಾ ಎನ್ನುತ್ತಿದ್ದ. ಅವಳು ನಕ್ಕು ಒಳಗೆ ಹೋಗುತ್ತಿದ್ದಳು.

*

ದ್ಯಾವಮ್ಮ ಕಾಫಿ ಲೋಟ ಹಿಡಿದು ಕೊಟ್ಟಿಗೆಗೆ ಬಂದಳು. ಕರಿಯಪ್ಪ ಲೋಟ ತೆಗೆದುಕೊಂಡನೇ ಹೊರತು ಕುಡಿಯಲಿಲ್ಲ.

“ಏನ್ ನೋಡೋಳವ್ವ ಅಲ್ಲಿ, ಅಷ್ಟೊತ್ತು?” ಎಂದ.

ದ್ಯಾವಮ್ಮ ಹುಲ್ಲಿನ ಹೊರೆಯ ಮೇಲೆ ಕೂತಳು. “ಒಂದ್ ಪಟದಾಗೆ ಒಬ್ಳು ಮುದ್ಕಿ, ಬಾಗ್ಲಲ್ಲಿ ಕುಂತ್ಕಂಡು ಸೂಜಿಗೆ ದಾರ ಪೋಣುಸ್ತಾವ್ಳೆ ಕಣಣ್ಣ. ನಂಗೆ ಅಷ್ಟೇ ಕಂಡಿದ್ದು. ಅಕ್ಕ ಕೈ ಹಿಡ್ದು ಕೂರುಸುದ್ಲು. ಆಮೇಲ್ ನೋಡ್ತೀನಿ, ದಾರದ ತುದಿ ಒದ್ದೆ. ಬಾಯ್ಗಿಟ್ಟು ಆಗ್ತಾನೆ ತಗ್ದವ್ಳೆ. ಇನ್ನೊಂದ್ ಸಲ ಓದಾಗ, ಇಂದ್ಗಡೆ ಕತ್ಲಲ್ಲಿ ಒಬ್ಬ ಗಂಡ್ಸು ಕಂಡ. ಬರೀ ಮೈ. ಅಂಗಿ ಒಲ್ದು ಕೊಡ್ಲಿ ಅಂತ ಕಾಯ್ತಾವ್ನೆ.”

“ಅದ್ಕೇನಂದ್ಲು ಅವ್ಳು?”

“‘ನಮ್ಮೆಜಮಾನ್ರೂ ಇಂಗೇ ಈಚೆ ಕಾಯ್ತಾವ್ರೆ, ಏಳೇ ಓಗಾನ’ ಅಂದ್ಲು.”

ಕರಿಯಪ್ಪ ಮುಖ ತಿರುಗಿಸಿದ. ಹಾಗೆ ನೋಡುವುದನ್ನು ಅವಳಿಗೆ ಯಾರು ಕಲಿಸಿದರು ಎಂದು ಕೇಳಿದ. ದ್ಯಾವಮ್ಮನಿಗೆ ಆಶ್ಚರ್ಯವಾಯಿತು.

“ನೀನೇ ಕಣಣ್ಣ. ನಿಂಗೆ ಗೊತ್ತಿಲ್ವಾ? ‘ನಮ್ಮೆಜಮಾನ್ರು ಅಸ ತಗೊಳೋವಾಗ ಮೊದ್ಲು ದೂರ ನಿಂತ್ಕತಾರೆ, ಆಮೇಲೆ ಅತ್ರ ಓಯ್ತಾರೆ, ಒಂದ್ ಸುತ್ತು ಬತ್ತಾರೆ, ಕಣ್ಣಾರೆ ಕಂಡ್ರೂ ಪರಾಂಬರ್ಸಿ ನೋಡ್ತಾರೆ, ಪಟಾನೂ ಅಂಗೇ ನೋಡ್ಬೇಕು’ ಅಂತ ನಮ್ಗೆಲ್ಲಾ ಏಳ್ಕೊಟ್ಟಿದ್ದೇ ಅಕ್ಕ.”

ಇದು ನಿಜ. ಕರಿಯಪ್ಪ ನೋಡಿ ಕೊಂಡ ಹಸು ಕೈಕೊಟ್ಟದ್ದಿಲ್ಲ ಎಂದು ಸುತ್ತಮುತ್ತಲಿನ ಸಂತೆಗಳಲ್ಲಿ ಮಾತಿತ್ತು. ಆದರೆ ಹಸುವನ್ನು ನೋಡಿದಷ್ಟು ಹೊತ್ತು ಅವನು ಸೋಮಮ್ಮನನ್ನು ನೋಡಿರಲಿಲ್ಲ. ಹೆಣ್ಣು ನೋಡಲು ಹೋದ ದಿನವೂ ಅವರ ಮನೆಯ ಕೊಟ್ಟಿಗೆಯನ್ನು ನೋಡಿ ಒಪ್ಪಿಕೊಂಡು ಬಂದಿದ್ದ. ಎಷ್ಟೋ ಕಾಲ ಅದನ್ನು ಹೇಳಿ ನಗಿಸುತ್ತಿದ್ದ. ಈಗ ಅದೇ ನೆನಪಾಗಿ ಅವನಿಗೇ ನಗು ಬರಲಿಲ್ಲ. ಕಾಫಿಯನ್ನು ಹಸುವಿನ ಗೊಂತಿಗೆ ಚೆಲ್ಲಿ, ಹೆಗಲ ಟವಲಿನಿಂದ ಮುಖ ಒರೆಸಿಕೊಂಡು ಈಚೆ ಬಂದ. ಅಷ್ಟರಲ್ಲಿ ಜವರಯ್ಯ ಹೆಂಗಸರನ್ನೆಲ್ಲ ಎಬ್ಬಿಸಿ ಸೋಮಮ್ಮನನ್ನು ಚಟ್ಟಕ್ಕೆ ಏರಿಸಿಬಿಟ್ಟಿದ್ದ. ತಮಟೆಯವರು ಮುಂದಾದರು. ಕರಿಯಪ್ಪ ಹಿಂದೆ ನಡೆದ.

*

ಹೊಲದಲ್ಲಿ ಬಿಸಿಲು ಹಳದಿಗೆ ತಿರುಗಿತ್ತು. ಗುಂಡಿಯಲ್ಲಿ ಮಲಗಿಸಿ ತಲೆಯನ್ನು ದಕ್ಷಿಣಕ್ಕೆ ಮಾಡಿದರು. ಕೊನೆಯ ಸಲ ಮುಖ ನೋಡುವವರು ನೋಡಿಬಿಡಿ ಎಂದು ಜವರಯ್ಯ ಕೂಗಿದ. ಜನ ಬಗ್ಗಿ ನೋಡಿ, ಮುಷ್ಟಿಗೆ ಮಣ್ಣು ತೆಗೆದುಕೊಂಡು ಸುತ್ತ ನಿಂತರು. ಮೊದಲ ಮಣ್ಣು ಗಂಡನದು.

ಕರಿಯಪ್ಪ ಮಣ್ಣು ಹಾಕಲಿಲ್ಲ. ಒಂದಷ್ಟು ದೂರ ಹಿಂದಕ್ಕೆ ಹೋಗಿ ನಿಂತ. ಅಲ್ಲಿಂದ ಗುಂಡಿಯ ಅಂಚಿಗೆ ಬಂದ. ಆಮೇಲೆ ಅಂಚಿನಲ್ಲಿ ಕೂತು, ಕಾಲು ಇಳಿಬಿಟ್ಟು, ಮೆಲ್ಲಗೆ ಒಳಗೇ ಇಳಿದುಬಿಟ್ಟ. ತಲೆ ಸುತ್ತಿ ಬಿದ್ದನೆಂದು ಇಬ್ಬರು ಮುಂದೆ ಹಾರಿದರು. ಪ್ರಮೀಳಾ ಅವರನ್ನು ತಡೆದಳು.

“ಒತ್ತು ಮುಳುಗ್ತಾ ಅದೆ ಕಣ್ಲಾ ಕರಿಯ,” ಎಂದ ಜವರಯ್ಯ.

“ಇರ್ಲಿ ಬುಡಿ ದೊಡ್ಡಪ್ಪ. ಅಪ್ಪ ನೋಡ್ಲಿ,” ಎಂದಳು ಪ್ರಮೀಳಾ.

ಅವನು ಹೆಂಡತಿಯ ತಲೆಯ ಬಳಿ ಕುಕ್ಕರುಗಾಲಲ್ಲಿ ಕೂತು ನೋಡಿದ. ಹಣೆ, ಹುಬ್ಬು, ಮೂಗುಬೊಟ್ಟು. ಯಾವ ಅವಸರವೂ ಇಲ್ಲದೆ ನೋಡಿದ. ಒಂದು ಕಡೆ ಅವನ ಕಣ್ಣು ನಿಂತಿತು. ಬೆರಳಿಂದ ಅಲ್ಲಿನ ಅರಿಸಿನವನ್ನು ಮೆತ್ತಗೆ ಸವರಿ, ತಲೆಯೆತ್ತಿ ಮಗಳನ್ನು ಕೇಳಿದ.

“ಅವ್ವನ ಕಿವಿ ಕೆಳ್ಗೆ ಒಂದು ಮಚ್ಚೆ ಅದಲ್ಲವ್ವ. ಇದು ಮೊದ್ಲಿಂದ್ಲೂ ಇತ್ತಾ?”

“ಉಟ್ದಾಗಿಂದ್ಲೂ ಇತ್ತು ಕಣಪ್ಪ,” ಎಂದಳು ಪ್ರಮೀಳಾ.

ಕರಿಯಪ್ಪ ಆಗಲಿ ಎನ್ನುವಂತೆ ತಲೆಯಾಡಿಸಿದ. ಮೇಲೆ ಮಣ್ಣು ಹಿಡಿದ ಕೈಗಳು ಹಾಗೇ ನಿಂತವು. ಜವರಯ್ಯ ಪಡುವಣ ದಿಕ್ಕನ್ನು ಒಮ್ಮೆ ನೋಡಿ, ಅಗೆದು ಹಾಕಿದ್ದ ಹಸಿ ಮಣ್ಣಿನ ರಾಶಿಯ ಮೇಲೆ ಕೂತುಬಿಟ್ಟ. ಗುಂಡಿಯೊಳಗೆ ಕರಿಯಪ್ಪ ಗೋಡೆಗೆ ಬೆನ್ನು ಸವರಿಕೊಂಡು, ಅವಳಿಗೆ ಕಾಲು ತಾಗದಂತೆ ಹುಷಾರಾಗಿ ದಾಟಿ, ಮುಖದ ಇನ್ನೊಂದು ಪಕ್ಕಕ್ಕೆ ಬಂದು ಕೂತ.