ಕಲ್ಲು ಮೇಡಂ ಕ್ಲಾಸು

ಆ ಕಾಲೇಜಿನಲ್ಲಿ ಯಾವ ವಿಭಾಗದ ವಿದ್ಯಾರ್ಥಿಯಾದರೂ ಓದಲೇಬೇಕಾದ ಸಾಮಾನ್ಯ ವಿಷಯಗಳು ಐದು. ಹೊರೆ ಹೆಚ್ಚಾಯಿತು, ಒಂದನ್ನು ಕೈಬಿಡೋಣ ಎಂದರೆ ಆ ಐದನ್ನು ಕಲಿಸುವ ಸಮಿತಿಯ ಮೇಷ್ಟ್ರುಗಳೆಲ್ಲ ಒಕ್ಕೊರಲಿಂದ ಹೂಂಗುಟ್ಟಿದರು. ಯಾವುದನ್ನು ಎಂದದ್ದೇ ತಡ, ಒಬ್ಬರು ಕನ್ನಡಕ ಒರೆಸತೊಡಗಿದರು, ಇನ್ನೊಬ್ಬರಿಗೆ ಕೆಮ್ಮು ಬಂತು. ಬೇರೆಯವರ ವಿಷಯಕ್ಕೆ ಕತ್ತರಿ ಹಾಕಲು ಎಲ್ಲರೂ ಶೂರರೇ.

ಅಧ್ಯಕ್ಷೆ ಭೂವಿಜ್ಞಾನದವರು, ಎಲ್ಲರ ಬಾಯಲ್ಲೂ ಕಲ್ಲು ಮೇಡಂ. ವರ್ಷಗಟ್ಟಲೆ ಇದೇ ಮೀಟಿಂಗು ನಡೆಸಿ ಅವರಿಗೆ ಸಾಕುಸಾಕಾಗಿತ್ತು.

“ಮಕ್ಕಳ ಮಾತು ಹಾಗಿರಲಿ. ನೀವೇ ಬೆಂಚಲ್ಲಿ ಕೂರೋದಾದ್ರೆ ಯಾರ ಕ್ಲಾಸಿಗೆ ಹೋಗ್ತೀರಿ? ನಿಮ್ಮದೇ ವಿಷಯ ಹೇಳೋ ಹಾಗಿಲ್ಲ. ಯಾರೂ ಆರಿಸದೆ ಉಳಿದದ್ದು ಹೋಗಲಿ. ಆಗಬಹುದಾ?”

ತಮ್ಮದು ಉಳಿಯುತ್ತದೆಂಬ ಧೈರ್ಯದ ಮೇಲೆ ಎಲ್ಲರೂ ಒಪ್ಪಿದರು. ಬದಲಾವಣೆ ಎಂದರೆ ಉರಿದು ಬೀಳುತ್ತಿದ್ದ ಇತಿಹಾಸದ ಮೇಷ್ಟ್ರು ನಾಚಿಕೊಂಡು, “ನಕ್ಷತ್ರ ಗುರುತಿಸೋದು ಕಲೀಬೇಕಂತ ಚಿಕ್ಕವನಿದ್ದಾಗಿಂದ ಆಸೆ,” ಎಂದು ಖಗೋಳವನ್ನು ಆರಿಸಿದರು. ಗಣಿತದವರು ಇತಿಹಾಸ ಎಂದರು. ಖಗೋಳದವರೂ ಸಂಗೀತದ ಮೇಷ್ಟ್ರೂ ಗಣಿತ ಎಂದರು.

ಉಳಿದದ್ದು ಸಂಗೀತ, ಮತ್ತು ಭೂವಿಜ್ಞಾನ. ಸರದಿ ಕಲ್ಲು ಮೇಡಂ ಅವರದು. ಸಂಗೀತ ಎಂದರೆ ತಮ್ಮ ಪಾಠಕ್ಕೇ ಎಳ್ಳುನೀರು. ಬೇರೆ ಯಾವುದನ್ನು ಹೇಳಿದರೂ ಯಾರೂ ಆರಿಸದವು ಎರಡಾಗಿ, ತೀರ್ಮಾನ ಇನ್ನೊಂದು ವರ್ಷ ಮುಂದಕ್ಕೆ. ನಿಜ ಹೇಳಬೇಕೆಂದರೆ ಹಾಡುವ ಆಸೆ ಅವರಿಗೂ ಇತ್ತು. ಮನೆಯಲ್ಲಿ ಬಾಯಿ ತೆರೆದರೆ ಗಂಡ ಟಿವಿ ಜೋರು ಮಾಡುತ್ತಿದ್ದರು, ಅಷ್ಟೆ.

“ಸಂಗೀತ,” ಎಂದುಬಿಟ್ಟರು.

ತೀರ್ಮಾನವೇನೋ ಆಯಿತು. ಆದರೆ ಅಷ್ಟು ವರ್ಷ ಮೈಯೆಲ್ಲ ಧೂಳು ಮಾಡಿಕೊಂಡು ಕಲಿಸಿದ್ದು ಯಾರಿಗೂ ಬೇಡವಾಯಿತಲ್ಲ ಎಂದು ಅವರಿಗೆ ಅಳುವೇ ಬಂತು. “ಒಬ್ರಿಗಾದ್ರೂ ಬೇಕು ಅನ್ನಿಸಲಿಲ್ವಾ ನನ್ನ ಪಾಠ?”

ಇತಿಹಾಸದ ಮೇಷ್ಟ್ರು ಕಕ್ಕಾಬಿಕ್ಕಿಯಾದರು. “ಅಯ್ಯೋ ಮೇಡಂ, ನಿಮ್ಮ ಅಕ್ಕಪಕ್ಕದ ಕೋಣೆಗಳಲ್ಲೇ ಅಲ್ವಾ ನಾವೆಲ್ಲ ಇರೋದು? ನಿಮ್ಮ ಗಂಟಲಿಗೆ ಗೋಡೆ ಯಾವ ಲೆಕ್ಕ! ಶಿಲಾರಸ ಹೊರಗೆ ಬಂದು ಬೇಗ ತಣ್ಣಗಾದ್ರೆ ಕಪ್ಪು ಕಲ್ಲು, ನೆಲದೊಳಗೇ ನಿಧಾನಕ್ಕೆ ಆರಿದ್ರೆ ಗ್ರಾನೈಟು…”

“ಮರಳು ಒತ್ತಿ ಒತ್ತಿ ಮರಳುಗಲ್ಲು,” ಎಂದು ಗಣಿತದವರು ಮುಂದುವರಿಸಿದರು.

“ಆಗಲೇ ಬಾಯಿಪಾಠ ಆಗಿರೋ ಕ್ಲಾಸಿಗೆ ಮತ್ತೆ ಹೋಗಿ ಯಾರು ಕೂರ್ತಾರೆ ಹೇಳಿ?” ಎಂದರು ಇತಿಹಾಸದವರು.

ಕಲ್ಲು ಮೇಡಂ ಕಣ್ಣೊರೆಸಿಕೊಳ್ಳುತ್ತಲೇ ಬಿದ್ದು ಬಿದ್ದು ನಕ್ಕರು. ಎಲ್ಲರೂ ನಕ್ಕರು. ಸಂಗೀತದ ಮೇಷ್ಟ್ರು ಮಾತ್ರ ಏನೋ ಯೋಚಿಸುತ್ತ ನಿಂತಿದ್ದರು.

“ನಾಳೆಯಿಂದಲೇ ನನ್ನ ಕ್ಲಾಸಿಗೆ ಬನ್ನಿ ಮೇಡಂ,” ಎಂದರು ಕೊನೆಗೆ. “ನಿಮ್ಮ ಗಂಟಲಲ್ಲಿ ನನ್ನ ಪಾಠವೂ ಒಂದ್ಸಲ ಇವರಿಗೆಲ್ಲ ಕೇಳಿಸಲಿ.”