ಶಿವಾನಿಯ ಒಸಗೆ

"ಅಕ್ಕೋ, ಗುಡ್ಲು ಬಾಗ್ಲು ಯಾವ್ ಕಡೀಕೆ ಮಡ್ಗನ?" ತಮ್ಮ ಶಿವಮೂರ್ತಿ ನಡುಮನೆಯಲ್ಲಿ ಹಸಿರು ತೆಂಗಿನ ಗರಿ ಹೆಣೆಯುತ್ತ ಕೂಗಿದ. ಒಸಗೆಯ ಗುಡ್ಲು ಹಾಕುವುದು ಸೋದರಮಾವನ ಹಕ್ಕು. ಅಡುಗೆಮನೆಯಲ್ಲಿ ಸುನೀತಾ ಚಿಗಳಿ ಉಂಡೆಗೆ ಎಳ್ಳು ಬೆಲ್ಲ ಕುಟ್ಟುವ ನೆಪದಲ್ಲಿ ಒರಳಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದಳು.

ಮೈನೆರೆಯದ ಮಗಳಿಗೆ ಒಸಗೆಯಂತೆ! ಹದಿನೆಂಟು ತುಂಬಿದರೂ ಶಿವಾನಿ ಮುಟ್ಟಾಗಿರಲಿಲ್ಲ. ಊರ ಬಾಯಿ ಮುಚ್ಚಿಸಲು ಅತ್ತೆ ಚನ್ನಾಜಮ್ಮ, "ನಮ್ ಕೂಸು ದೊಡ್ಡೋಳಾದ್ಲು" ಎಂದು ಹುಲ್ಲಹಳ್ಳಿಯ ಬೀದಿಯೆಲ್ಲ ಸಾರಿ ಬಂದಿದ್ದರು. ಯಾರನ್ನೂ ಒಂದು ಮಾತು ಕೇಳಲಿಲ್ಲ. ಸಾರಿದ ಮೇಲೆ ಶಾಸ್ತ್ರ ಆಗಲೇಬೇಕಲ್ಲ.

ಮೈಸೂರಿನ ಡಾಕ್ಟರಮ್ಮ ತಾಯಿ ಮಗಳಿಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದ್ದರು. ಶಿವಾನಿಗೆ ಹುಟ್ಟಿನಿಂದಲೇ ಗರ್ಭಕೋಶವಿಲ್ಲ. ಕ್ರೋಮೋಸೋಮು ಗಂಡುಮಕ್ಕಳಲ್ಲಿ ಇರುವಂಥದ್ದು. ಆದರೆ ಗಂಡಿನ ಹಾರ್ಮೋನಿನ ಮಾತನ್ನು ಮೈ ಕೇಳಲೇ ಇಲ್ಲ, ಹೆಣ್ಣಾಗಿಯೇ ಬೆಳೆಯಿತು. ಯಾರ ತಪ್ಪೂ ಅಲ್ಲ. ಇದನ್ನು ಅತ್ತೆಗೆ ಹೇಳಹೋದರೆ, "ಡಾಕ್ಟ್ರು ಏನ್ ಬಲ್ರು? ಶಾಸ್ತ್ರ ಮಾಡುದ್ರೆ ತಾನಾಗೇ ಆಯ್ತದೆ" ಅಂದುಬಿಟ್ಟರು. ಸುನೀತಾಗೆ ತಲೆ ಚಚ್ಚಿಕೊಳ್ಳುವಂತಾಗಿತ್ತು.

ಉಡಬೇಕಿದ್ದ ಹೊಸ ಸೀರೆಯನ್ನು ಕೈಯಲ್ಲೇ ಹಿಡಿದು ಶಿವಾನಿ ಬಂದಳು.

"ಅವ್ವ, ಇವತ್ ಕುಂತ್ರೆ ಇನ್ಮೇಕೆ ತಿಂಗ್ಳು ತಿಂಗ್ಳೂ ಸುಳ್ಳೇಳ್ಬೇಕು. ಮಾವ ಆಗ್ಲೇ ತಮ್ ಮಗ ಮದನಂಗೆ ನನ್ನ ತಂದ್ಕತೀನಿ ಅಂತಾವ್ರೆ. ಅವ್ನಿಗೂ ಸುಳ್ಳೇಳನಾ?"

"ಜನ ಬರೋ ಹೊತ್ತು, ಸುಮ್ಕಿರವ್ವ" ಅಂದಳು ಸುನೀತಾ. ಅಂದ ಮೇಲೆ ತನ್ನ ಮಾತಿಗೆ ತನಗೇ ಅಸಹ್ಯವಾಯಿತು. ಇದನ್ನೇ ಅಲ್ಲವೇ ಅತ್ತೆಯೂ ಹೇಳುತ್ತಿರುವುದು?

"ಬಾಗ್ಲು ಯಾವ್ ಕಡೀಕಕ್ಕೋ?"

ಸುನೀತಾ ಎದ್ದು ನಡುಮನೆಗೆ ಬಂದಳು. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ತಮ್ಮನೆದುರು ಒಂದೇ ಉಸಿರಿಗೆ ಹೇಳಿಬಿಟ್ಟಳು. ಶಿವಮೂರ್ತಿಯ ಕೈ ನಿಂತಿತು.

"ಅಂಗಾದ್ರೆ ಕೂಸು ಎಣ್ಣೋ ಗಂಡೋ ಅಕ್ಕ?"

"ಇಲ್ಲೇ ಇವ್ನಿ ಮಾವ, ನನ್ನೇ ಕೇಳಿ" ಅಂದಳು ಶಿವಾನಿ, ಬಾಗಿಲಲ್ಲಿ ನಿಂತು. "ಎಣ್ಣು."

ಅವನು ತಲೆ ತಗ್ಗಿಸಿದ.

ಬೀದಿಯಲ್ಲಿ ಬಳೆಗಳ ಸದ್ದಾಯಿತು. ಹೆಂಗಸರು ತಟ್ಟೆ ಹೊತ್ತು ಬಂದೇಬಿಟ್ಟಿದ್ದರು. "ಮಾನ ಕಳ್ದೀಯೆ!" ಎಂದು ಚನ್ನಾಜಮ್ಮ ಅಡ್ಡ ಹಿಡಿದ ಕೈಯನ್ನು ಸುನೀತಾ ಸರಿಸಿ ಜಗುಲಿಗೆ ನಡೆದಳು.

"ಬನ್ನಿ, ಕುಂತ್ಕಳಿ. ಒಸಗೆ ಇಲ್ಲ. ಊಟ ಅದೆ."

ಬಂದವರ ಕಾಲಿಗೆ ಕೊಡುವ ನೀರಿನ ಚೊಂಬು ಹಿಡಿದು ಶಿವಾನಿ ಅವ್ವನ ಪಕ್ಕ ಬಂದು ನಿಂತಳು. ಎಲ್ಲರಿಗಿಂತ ಮುಂದಿದ್ದ ಹೆಂಗಸು ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಬಿಡದೆ, ಹಾಗೇ ನಿಂತಿದ್ದಳು.